ಸಂದರ್ಶನದ ಕೋಣೆಯ ಬಾಗಿಲು

ಮಗಳ ಓದಿನ ಮಾತು ಬಂದಾಗಲೆಲ್ಲ ಬಡಗಿಗೆ ಮೊದಲು ನೆನಪಾಗುವುದು ಒಂದು ಬಾಗಿಲು. ಇಪ್ಪತ್ತೆರಡು ವರ್ಷವಾದರೂ ಅದರ ಅರಚಾಟ ಅವನ ಕಿವಿಯಲ್ಲಿದೆ.

ಆಗ ಮಗಳು ಹೈಸ್ಕೂಲಿನ ಕೊನೆಯ ತರಗತಿ ಮುಗಿಸಿದ್ದಳು. ಹಾಗೆ ಹೈಸ್ಕೂಲು ಮುಗಿಸಿದ ಹುಡುಗಿಯರಿಗೆಂದೇ ಪೇಟೆಯ ಕಾಲೇಜಿನವರು ವಿದ್ಯಾರ್ಥಿವೇತನದ ಸ್ಪರ್ಧೆ ಇಟ್ಟಿದ್ದರು. ಗೆದ್ದ ಐವರ ಮುಂದಿನ ಓದು, ಹಾಸ್ಟೆಲ್ಲು ಎಲ್ಲದರ ಖರ್ಚೂ ಅವರದೇ. ಸಿಗದಿದ್ದರೆ ಅವಳ ಓದು ಅಲ್ಲಿಗೇ ನಿಂತಂತೆ. ಅದು ಅಪ್ಪ ಮಗಳಿಬ್ಬರಿಗೂ ಗೊತ್ತಿತ್ತು; ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ. ಬರೆಯುವ ಪರೀಕ್ಷೆ ದಾಟಿದ್ದಳು, ಉಳಿದದ್ದು ಸಂದರ್ಶನ.

ಬಡಗಿ ಕೆಲಸದ ಜಾಗದಿಂದ ನೇರ ಬಂದಿದ್ದ. ಹೆಗಲಿಗೆ ಮರ ಹೆರೆಯುವ ಹತ್ತರಿ, ಉಳಿ ತುಂಬಿದ ಚೀಲ, ಮೊಣಕಾಲ ತುಂಬ ಮರದ ಹುಡಿ. ಉಳಿದ ಅಪ್ಪಂದಿರೆಲ್ಲ ಇಸ್ತ್ರಿ ಅಂಗಿಯವರು. ಗೇಟಿನಲ್ಲೇ ಮಗಳು ದನಿ ತಗ್ಗಿಸಿ, "ಅಪ್ಪಾ, ನೀನು ಆ ಮರದ ಕೆಳಗೇ ಕೂತಿರು. ಒಳಗೆ ಬರ್ಬೇಡ, ಆಯ್ತಾ?" ಅಂದಳು. ಬಡಗಿ ತಲೆಯಾಡಿಸಿದ.

ಮರದ ಕೆಳಗಿಂದ ವರಾಂಡ ಕಾಣುತ್ತಿತ್ತು. ಕೋಣೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಪ್ರತಿ ಹುಡುಗಿಯೂ ಭುಜ ಕೊಟ್ಟು ನೂಕಬೇಕು. ಅದು ಕಿರ್ರೆಂದು ಅರಚಿ, ತಟ್ಟನೆ ಬಿಟ್ಟುಕೊಂಡು ಅವಳನ್ನು ಮುಗ್ಗರಿಸುವಂತೆ ಒಳಗೆ ಎಸೆಯುತ್ತಿತ್ತು. ಒಳಗಿನವರ ನಗು ಹೊರಗೆ ಕೇಳುತ್ತಿತ್ತು. ಬಡಗಿಯ ಮಗಳೋ, ಪಾತ್ರೆ ಬಿದ್ದ ಸದ್ದಿಗೇ ಆಡುತ್ತಿದ್ದ ಮಾತು ಮರೆಯುವವಳು. ಹೀಗೆ ಬಿದ್ದು ಎದ್ದು ಹೋದರೆ ಮುಗೀತು ಕಥೆ ಎಂದುಕೊಂಡ. ತಡೆಯುವಷ್ಟು ತಡೆದ. ಅವಳ ಮುಂದೆ ಇಬ್ಬರೇ ಉಳಿದಾಗ ಎದ್ದು ಹೋಗಿ ಬಾಗಿಲ ಕೀಲಿಗೆ ಉಳಿ ಹಾಕಿದ.

"ಏಯ್ ಯಜಮಾನ್ರೇ, ಏನಿದು?" ಜವಾನ ಓಡಿಬಂದ.

"ಐದು ನಿಮಿಷ ಕಣಯ್ಯಾ. ಈ ಬಾಗಿಲು ಮಕ್ಕಳ ಜೀವ ತಿಂತಿದೆ."

"ಯಾರು ಹೇಳಿದ್ರು ನಿಮ್ಗೆ?"

"ಬಾಗಿಲೇ ಬಡ್ಕೊಳ್ತಾ ಇದೆಯಲ್ಲ, ಕೇಳಿಸ್ತಿಲ್ವಾ?"

ಅಷ್ಟರಲ್ಲಿ ಕೀಲು ಕಳಚಿ ಬಾಗಿಲು ವರಾಂಡದಲ್ಲಿ ಮಲಗಿತ್ತು. ಒಳಗಿನವರು ತಲೆಯೆತ್ತಿ ನೋಡಿ, ರಿಪೇರಿಯವನೆಂದು ಸುಮ್ಮನಾದರು. ಆದರೆ ಉಬ್ಬು ಅವನೆಣಿಸಿದ್ದಕ್ಕಿಂತ ಹೆಚ್ಚಿತ್ತು. ಆ ಇಬ್ಬರೂ ಹೋಗಿ ಬಂದರು, ಮಗಳ ಸರದಿಯೂ ಬಂತು, ಕೆಲಸ ಮುಗಿಯಲಿಲ್ಲ. ಅವಳು ಅವನ ಮುಖ ನೋಡದೆ ಮರದ ಸಿಪ್ಪೆ ದಾಟಿಕೊಂಡು ಒಳಗೆ ಹೋದಳು.

ಮೊದಲ ಪ್ರಶ್ನೆಗೇ ಅವಳು ತಡವರಿಸಿದಳು. ಎರಡು ಸಲ ಹೊರಗೆ ತಿರುಗಿ ನೋಡಿದಳು. ಮೇಜಿನ ಹಿಂದಿದ್ದ ಮೂವರಲ್ಲಿ ನಡುವಿನ ಹೆಂಗಸು ಕನ್ನಡಕ ಏರಿಸಿ, "ಯಾರಮ್ಮ ಅವ್ರು? ನಿನಗೆ ಗೊತ್ತಾ?" ಅಂದರು.

ಬಡಗಿಯ ಕೈ ನಿಂತಿತು. ಗೊತ್ತಿಲ್ಲ ಅಂದುಬಿಡು ಮಗಳೇ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

"ನಮ್ಮಪ್ಪ, ಮೇಡಂ," ಅಂದಳು. "ಬಡಗಿ ಕೆಲ್ಸ. ಸರಿ ಇಲ್ಲದ್ದು ಕಂಡ್ರೆ ಅವ್ರಿಗೆ ಸುಮ್ನೆ ಕೂರಕ್ಕಾಗಲ್ಲ." ಆಮೇಲೆ ಮನೆಯಲ್ಲಿ ಆಡುವ ದನಿಯಲ್ಲೇ, "ಅಪ್ಪಾ, ಕೆಳಗಿನ ಮೂಲೆಗೆ ಇನ್ನೆರಡು ಸಲ ಹತ್ತರಿ ಎಳಿ. ಅಲ್ಲೇ ಕಚ್ಚೋದು."

"ನಿನಗೆ ಹೇಗೆ ಗೊತ್ತು?" ಎಂದು ಆ ಹೆಂಗಸು ಮುಂದಕ್ಕೆ ಬಾಗಿದರು. ಅಲ್ಲಿಂದ ಹುಡುಗಿಯ ಮಾತಿಗೆ ತಡೆಯೇ ಇರಲಿಲ್ಲ. ಮರ ಅಡ್ಡಕ್ಕೆ ಹಿಗ್ಗುವುದು, ಉದ್ದಕ್ಕೆ ಹಿಗ್ಗದಿರುವುದು, ಚಿಕ್ಕಂದಿನಿಂದ ಹಲಗೆಯ ಇನ್ನೊಂದು ತುದಿ ಹಿಡಿದು ಕಲಿತದ್ದೆಲ್ಲ ಹೇಳಿದಳು. ಗೊತ್ತಿಲ್ಲದ್ದನ್ನು ಕೇಳಿದಾಗ ಗೊತ್ತಿಲ್ಲ ಅಂದಳು.

ಸಂಜೆ ಗುಮಾಸ್ತ ಅಂಗಳದಲ್ಲಿ ಐದು ಹೆಸರು ಓದಿದ. ನಾಲ್ಕನೆಯದು ಅವಳದು.

ಬಸ್ಸಿನಲ್ಲಿ ಅವಳು ಅಪ್ಪನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು. ಎರಡು ಗಂಟೆ ಅವನು ಅಲುಗಲಿಲ್ಲ. ತೋಳು ಜೋಮು ಹಿಡಿದಿತ್ತು. ಮುಂದಿನ ವಾರವೇ ಹಾಸ್ಟೆಲ್ಲು. ಆಮೇಲೆ ಅವಳು ಬಂದದ್ದೆಲ್ಲ ರಜೆಗೆ, ನೆಂಟರ ಹಾಗೆ. ಆ ಸಂಜೆ ಬಸ್ಸಿಗೆ ನಮ್ಮೂರು ಇನ್ನೂ ಒಂದಿಷ್ಟು ದೂರವಿರಬೇಕಿತ್ತು ಎಂದು ಬಡಗಿಗೆ ಈಗಲೂ ಅನ್ನಿಸುತ್ತದೆ.