ಶಂಕ್ರವ್ವನ ಡಬ್ಬಿ

ಸಮತಾ ಬಾಯಿ ಬಿಟ್ಟರೆ ಪಕ್ಕದಲ್ಲಿ ಕೂತವರೂ "ಆಂ?" ಅನ್ನಬೇಕು. ಅಂಥವಳು ಬಿ.ಎ. ಮುಗಿಸಿ ಇಂಗ್ಲಿಷ್ ಟೀಚರ್ ಆಗಲು ಹೊರಟಿದ್ದಳು. ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಮೂರೂ ಕಡೆ ದನಿ ಸಾಲದೆಂದು ಮರಳಿ ಕಳಿಸಿದ್ದರು. ಉಳಿದದ್ದು ಹಾನಗಲ್ಲಿನ ಒಂದು ಶಾಲೆ. ಆರನೆಯ ತರಗತಿಗೆ ಅರ್ಧ ತಾಸು ಪಾಠ ಮಾಡಿ ತೋರಿಸಬೇಕು.

ತಿಳವಳ್ಳಿಯಲ್ಲಿ ಬಸ್ಸಿಗೆ ಓಡುವಾಗ ಪಕ್ಕದ ಮನೆಯ ಶಂಕ್ರವ್ವ ಸ್ಟೀಲಿನ ಡಬ್ಬಿಯೊಂದನ್ನು ಚೀಲಕ್ಕೆ ತುರುಕಿದಳು. "ಶೇಂಗಾ ಹೋಳಿಗಿ ಅದಾವು, ಒಯ್ಯಿ. ಡಬ್ಬಿ ಮಾತ್ರ ಖಾಲಿ ತರಬ್ಯಾಡ ಮತ್ತ." ಆ ಓಣಿಯಲ್ಲಿ ಯಾರ ಮನೆಯ ಪಾತ್ರೆಯೂ ಖಾಲಿ ಮರಳಿದ್ದಿಲ್ಲ. ಸಮತಾ ಹೆದರಿಕೆಗೆ ನಾಲ್ಕೂ ಹೋಳಿಗೆಯನ್ನು ಬಸ್ಸಿನಲ್ಲೇ ಮುಗಿಸಿದಳು.

ಬೋರ್ಡಿನ ಮೇಲೆ 'ಬ್ರಿಂಗ್', 'ಟೇಕ್' ಎಂದು ಬರೆದು ತಿರುಗಿದ್ದೇ ತಡ, ದನಿ ಎಲ್ಲಿಗೋ ಹೋಯಿತು. ಕೊನೆಯ ಬೆಂಚಿನಿಂದ ಹೆಡ್‌ಮಾಸ್ತರ್ ಮಲ್ಲಿಕಸಾಬ ಅಂದರು, "ಜೋರಾಗಿ ಹೇಳ್ರಿ ಮೇಡಂ, ಹಿಂದ ಕೇಳಸವಲ್ದು."

ಕರವಸ್ತ್ರ ಹುಡುಕಿದ ಕೈಗೆ ಡಬ್ಬಿ ಸಿಕ್ಕಿತು. ಶಂಕ್ರವ್ವನ ಮಾತು ನೆನಪಾಯಿತು. ಮುಂದಿನ ಬೆಂಚಿನ ವಿದ್ಯಾಳಿಗೆ ಅದನ್ನು ಕೊಟ್ಟು ಹೇಳಿದಳು, "ಇಲ್ಲಿಂದ ಒಯ್ಯಿ ಅನ್ನೂದು ಟೇಕ್. ನನ್ನ ಕಡೆ ತಾ ಅನ್ನೂದು ಬ್ರಿಂಗ್. ಇಂಗ್ಲಿಷಿನ್ಯಾಗ ಹೇಳಿದ್ರಷ್ಟ ಡಬ್ಬಿ ಏಳತೈತಿ."

ಡಬ್ಬಿ ಎದ್ದಿತು. ಬೆಂಚಿನಿಂದ ಬೆಂಚಿಗೆ ಹಾರಿತು. ಅದರ ಬೆನ್ನಿಗೆ ಕಂಪಾಸು, ಡಸ್ಟರು, ಯಾರದೋ ಒಂಟಿ ಚಪ್ಪಲಿ. ಮಕ್ಕಳು ಟೇಕ್, ಬ್ರಿಂಗ್ ಎಂದು ಕೂಗುತ್ತ ಓಡಾಡುತ್ತಿದ್ದಂತೆ ಹೆಡ್‌ಮಾಸ್ತರರು ಮೂಗಿನ ಮೇಲಿಂದ ತೆಗೆದಿಟ್ಟ ಚಾಳೀಸೂ ವಿದ್ಯಾಳ ಕೈ ಸೇರಿತು.

"ಚಾಳೀಸ ತಾರವಾ," ಎಂದು ಅವರು ಬೆಂಚು ತಡವಿದರು.

"ಇಂಗ್ಲಿಷಿನ್ಯಾಗ ಕೇಳ್ರಿ ಸರ್. ಮೇಡಂ ಹೇಳ್ಯಾರ."

ಇಪ್ಪತ್ತಾರು ವರ್ಷ ಗಣಿತ ಕಲಿಸಿದ ಮಲ್ಲಿಕಸಾಬ ಮೀಸೆಯೊಳಗೇ ಏನೋ ಗೊಣಗಿದರು.

"ಜೋರಾಗಿ ಹೇಳ್ರಿ ಸರ್, ಮುಂದ ಕೇಳಸವಲ್ದು," ಅಂದಳು ಸಮತಾ.

ಆ ದನಿಗೆ ಕಿಟಕಿಯ ಮೇಲಿನ ಪಾರಿವಾಳ ಹಾರಿಹೋಯಿತು. ಅವಳು ಸೀಮೆಸುಣ್ಣದ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಬಿಳಿ ಮೀಸೆ ಮೂಡಿತು. ಈ ನೌಕರಿಯೂ ಹೋಯಿತು ಎಂದುಕೊಂಡಳು.

ಮಲ್ಲಿಕಸಾಬ ಎದ್ದು ಕೈಕಟ್ಟಿ ನಿಂತರು. "ಬ್ರಿಂಗ್ ಮೈ ಗ್ಲಾಸಸ್, ಪ್ಲೀಸ್."

ಮಕ್ಕಳ ಚಪ್ಪಾಳೆಯ ನಡುವೆ ಚಾಳೀಸು ಏರಿಸಿ ಅವಳನ್ನು ಸರಿಯಾಗಿ ನೋಡಿದರು. "ಈ ದನಿ ಎಲ್ಲಿಟ್ಟಿದ್ರಿ ಇಷ್ಟೊತ್ತು? ಸೋಮವಾರದಿಂದ ಬರ್ರಿ. ಮೀಸಿ ಮಾತ್ರ ಒರಸ್ಕೊಂಡು ಹೋಗ್ರಿ."

ಸಂಜೆ ಬಸ್ಸಿಳಿದವಳು ಓಣಿಯ ತುದಿಯಿಂದಲೇ ಕೂಗಿದಳು, "ಶಂಕ್ರವ್ವಾ, ನೌಕರಿ ಸಿಕ್ತು!"

"ಮೆಲ್ಲಕ ಹೇಳವಾ, ನನ್ನ ಕಿವಿ ನೆಟ್ಟಗದಾವು," ಎನ್ನುತ್ತ ಶಂಕ್ರವ್ವ ಡಬ್ಬಿ ತೆರೆದಳು. ಅದು ತರಗತಿಯೆಲ್ಲ ಸುತ್ತಾಡಿ ಬರುವಾಗ ಮಕ್ಕಳು ಸುಮ್ಮನಿದ್ದಿರಲಿಲ್ಲ. ಎರಡು ಬಾರೆಹಣ್ಣು, ಹುಣಸೆಯ ಚಿಗಳಿ, ಅರ್ಧ ರಬ್ಬರು.

"ಇದೇನವಾ ರಬ್ಬರ್?"

"ಖಾಲಿ ತರಬ್ಯಾಡ ಅಂತ ನೀನ ಅಂದಿದ್ದೆಲ್ಲಾ," ಅಂದಳು ಸಮತಾ, ಇಡೀ ಓಣಿಗೆ ಕೇಳುವಂತೆ.