ಎಂಜಿನ್ ಆರಿಸಿದಾಗ ಕೇಳಿದ ಉಸಿರು

ಆ ವರ್ಷ ಬಂದರಿನಲ್ಲಿ ಎಲ್ಲರದೂ ಒಂದೇ ದೂರು. ತಿಮಿಂಗಿಲಗಳು ಮೊದಲಿನ ಹಾಗೆ ಹತ್ತಿರ ಬರುವುದಿಲ್ಲ. ಅವುಗಳನ್ನು ನೋಡಲೆಂದು ದೋಣಿ ಹತ್ತಿದವರು ಎರಡು ಗಂಟೆ ಅಲೆದು, ಹೊಟ್ಟೆ ತೊಳಸಿಕೊಂಡು, ದೂರದಲ್ಲಿ ಮುಳುಗುವ ಒಂದು ಕಪ್ಪು ಬೆನ್ನನ್ನಷ್ಟೇ ನೋಡಿ ವಾಪಸಾಗುತ್ತಿದ್ದರು. ಗುಡ್ಡ ಅಗೆದು ಇಲಿ ಹಿಡಿದ ಹಾಗೆ.

ಎಲ್ಲರಿಗಿಂತ ಹೆಚ್ಚು ಅವಮಾನ ದೋಣಿಯಣ್ಣನಿಗೆ. ಕಟ್ಟೆಗೆ ಕಟ್ಟಿದ ದೋಣಿಗಳಲ್ಲಿ ಅವನದೇ ಎಲ್ಲಕ್ಕಿಂತ ವೇಗದ್ದು. ಓಡುವ ಪ್ರಾಣಿಗೆ ಓಡುವ ದೋಣಿಯೇ ಬೇಕು ಎನ್ನುವುದು ಅವನ ವಾದ.

ಅವನ ತಂಗಿ ಕಟ್ಟೆಯ ಎದುರಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ದೋಣಿಗಳಿಗೆ ಟಾರ್ಪಾಲು ಹೊಲಿಯುತ್ತಿದ್ದಳು. ಮಾತು ಕಡಿಮೆ. ಅವಳ ಬಾಯಿಂದ ಮಾತು ಹೊರಡಿಸುವುದಕ್ಕಿಂತ ನಾಲ್ಕು ಮಡಿಕೆ ಟಾರ್ಪಾಲಿಗೆ ಸೂಜಿ ಚುಚ್ಚುವುದು ಸುಲಭ ಎಂದು ಅತ್ತಿಗೆ ಹಾಸ್ಯ ಮಾಡುತ್ತಿದ್ದಳು. ರಜೆಯ ದಿನ ಮಾತ್ರ ತಂಗಿ ಅಂಚೆಯಕ್ಕನ ಜೊತೆ ಕಟ್ಟೆಯ ತುದಿಗೆ ಹೋಗಿ ಕೂರುತ್ತಿದ್ದಳು. ಊರಿಗೆಲ್ಲ ಕಾಗದ ಹಂಚುವ ಅಂಚೆಯಕ್ಕನಿಗೆ ಸಮುದ್ರದ ಜೀವಿಗಳನ್ನು ನೋಡುವ ಹುಚ್ಚು. ಕುತ್ತಿಗೆಯಲ್ಲಿ ದುರ್ಬೀನು, ಚೀಲದಲ್ಲಿ ನೋಟ್‌ಬುಕ್ಕು. ಎಷ್ಟು ಹೊತ್ತಿಗೆ ಯಾವ ಹಕ್ಕಿ ಬಂತು, ಡಾಲ್ಫಿನ್ನು ಯಾವ ಕಡೆ ಹೋಯಿತು, ಎಲ್ಲವನ್ನೂ ಇಬ್ಬರೂ ಬರೆದಿಡುತ್ತಿದ್ದರು. ಇಬ್ಬರೂ ಪರಿಣತರಲ್ಲ. ನೋಡಿ ನೋಡಿ ಕಲಿತವರು, ತಿಳಿಯದ್ದನ್ನು ಪುಸ್ತಕ ತೆರೆದು ಓದಿಕೊಂಡವರು.

ಅಣ್ಣ ತಂಗಿಯರ ಅಮ್ಮನ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಮುಂದೆ ಇರುವುದು ಕಿಟಕಿಯೋ ಗೋಡೆಯೋ ಎನ್ನುವಷ್ಟು ಮಾತ್ರ ತಿಳಿಯುತ್ತಿತ್ತು. ಇನ್ನು ಮಾಡುವುದೇನೂ ಉಳಿದಿಲ್ಲ ಎಂದು ವೈದ್ಯರು ಹೇಳಿಯಾಗಿತ್ತು. ಕೊಲ್ಲಿಗೆ ಒಂದು ತಿಮಿಂಗಿಲ ಮರಿಯನ್ನು ಕರೆದುಕೊಂಡು ಬಂದಿದೆ, ಇನ್ನೊಂದು ವಾರಕ್ಕೆ ಹೊರಟುಹೋಗುತ್ತದೆ ಎಂದು ಕೇಳಿದಾಗ, ಏನನ್ನೂ ಬೇಡದ ಅಮ್ಮ ಮಗನನ್ನು ಕೇಳಿದಳು, ಒಂದು ಸಲ ದೋಣಿಯಲ್ಲಿ ಕೂರಿಸಿಕೊಂಡು ಹೋಗು, ಮುಂದಿನ ವರ್ಷ ನಾನು ಹೇಗಿರುತ್ತೇನೋ ಎಂದು.

ದೋಣಿಯಣ್ಣ ಮರುದಿನವೇ ಹೊರಟ. ಅಮ್ಮನನ್ನು ಮುಂದೆ ಕೂರಿಸಿ ಶಾಲು ಹೊದಿಸಿದ. ತಂಗಿ ಪಕ್ಕದಲ್ಲಿ ಕುಳಿತಳು. ದೂರದಲ್ಲಿ ತಿಮಿಂಗಿಲದ ಉಸಿರು ನೀರಿನ ಹೊಗೆಯಾಗಿ ಎದ್ದದ್ದೇ ತಡ, ಎಂಜಿನ್ನಿಗೆ ಪೂರ್ತಿ ವೇಗ ಕೊಟ್ಟು ನೇರ ಅದರ ಬೆನ್ನಿಗೇ ಹೋದ. ತಿಮಿಂಗಿಲ ದಿಕ್ಕು ಬದಲಿಸಿತು. ಇವನೂ ತಿರುಗಿಸಿದ. ಅದು ಬಾಲವೆತ್ತಿ ನೀರಿಗೆ ಒಮ್ಮೆ ಬಡಿಯಿತು. ಮತ್ತೊಮ್ಮೆ. ಮೂರನೆಯ ಸಲ ನೀರು ದೋಣಿಯ ತನಕ ಸಿಡಿಯಿತು.

“ಅಮ್ಮ, ಬಾಲ ಬೀಸಿ ನಿನ್ನನ್ನೇ ಕರೀತಿದೆ ನೋಡು” ಎಂದು ಅವನು ಎಂಜಿನ್ನಿನ ಸದ್ದನ್ನು ಮೀರಿ ಕೂಗಿದ.

ಅದು ಕರೆಯುವುದಲ್ಲ ಎಂದು ತಂಗಿಗೆ ಗೊತ್ತಿತ್ತು. ಹೇಳಬೇಕೆಂದು ಬಾಯಿ ತೆರೆದಳು. ಮತ್ತೆ ಮುಚ್ಚಿ ದೋಣಿಯ ಅಂಚು ಹಿಡಿದುಕೊಂಡಳು. ಅಷ್ಟರಲ್ಲಿ ತಾಯಿ, ಮರಿ ಎರಡೂ ಮುಳುಗಿದವು. ಮತ್ತೆ ಕಾಣಲಿಲ್ಲ. ಅಮ್ಮ ಎರಡು ಕಿವಿಗೂ ಶಾಲು ಒತ್ತಿ ಹಿಡಿದು ಕುಳಿತಿದ್ದಳು.

ಮನೆಗೆ ಬಂದು ಕೈಕಾಲು ತೊಳೆದ ಮೇಲೆ ದೋಣಿಯಣ್ಣ ಹೆಮ್ಮೆಯಿಂದ ಕೇಳಿದ, ಎಷ್ಟು ಹತ್ತಿರ ಹೋಗಿದ್ವಿ ಅಲ್ವಾ ಎಂದು. ಅಮ್ಮ ಶಾಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಳು.

“ನನ್ನ ಕಣ್ಣಿಗೆ ಹತ್ತಿರ ಆದ್ರೇನು, ದೂರ ಆದ್ರೇನು ಮಗಾ. ನಾನು ಅದರ ಉಸಿರು ಕೇಳೋಕೆ ಬಂದಿದ್ದೆ. ನಿನ್ನ ಎಂಜಿನ್ ಮಾತ್ರ ಕೇಳಿಸ್ತು.”

ಕಾಗದ ಕೊಡಲು ಬಂದ ಅಂಚೆಯಕ್ಕ ಬಾಗಿಲಲ್ಲೇ ಈ ಮಾತು ಕೇಳಿಸಿಕೊಂಡಳು. ನಡೆದದ್ದನ್ನೆಲ್ಲ ಅವಳು ಕಟ್ಟೆಯ ತುದಿಯಿಂದ ದುರ್ಬೀನಿನಲ್ಲಿ ನೋಡಿದ್ದಳು. ಬಾಲ ಬಡಿಯುವುದು, ಪದೇ ಪದೇ ದಿಕ್ಕು ಬದಲಿಸುವುದು, ಬಹಳ ಹೊತ್ತು ಮುಳುಗಿರುವುದು, ಇವೆಲ್ಲ ತಿಮಿಂಗಿಲಕ್ಕೆ ತೊಂದರೆಯಾಗುತ್ತಿರುವ ಗುರುತುಗಳಿರಬಹುದು, ಕಂಡ ಕೂಡಲೇ ಹಿಂದೆ ಸರಿಯಬೇಕು ಎಂದು ಹೇಳಿದಳು. ಮರಿ ಹಾಲು ಕುಡಿಯುವ, ದಣಿವಾರಿಸಿಕೊಳ್ಳುವ ಹೊತ್ತಿನಲ್ಲಿ ಅಟ್ಟಿಸಿಕೊಂಡು ಹೋದರೆ ತಾಯಿ ಆ ಜಾಗವನ್ನೇ ಬಿಟ್ಟು ಹೋಗಬಹುದು. ಮರಿ ಇರುವಾಗ ನೂರು ಮೀಟರಿಗಿಂತ ಇನ್ನೂ ಹಿಂದೆಯೇ ನಿಲ್ಲಬೇಕು ಎಂದೂ ಸೇರಿಸಿದಳು.

ದೋಣಿಯಣ್ಣ ನಕ್ಕ. “ಅಷ್ಟು ದೂರ ನಿಲ್ಲಿಸಿ ಬಂದೋರಿಗೆ ಏನು ತೋರಿಸ್ಲಿ ಅಕ್ಕ, ನಿಮ್ಮ ಅಂಚೆ ಚೀಟಿನಾ?”

“ಬಾಣಂತಿ ಮಲಗಿರೋ ಕೋಣೆಗೆ ಡೋಲು ಬಡ್ಕೊಂಡು ಹೋಗ್ತೀಯೇನಪ್ಪ? ಹೊರಗೆ ನಿಂತು ಕೆಮ್ಮಿ, ಕರೆದ್ರೆ ತಾನೆ ಒಳಗೆ ಹೋಗೋದು?” ಎಂದಳು ಅಂಚೆಯಕ್ಕ.

ಅವನು ಅದಕ್ಕೂ ಏನೋ ಹೇಳಲು ಹೊರಟ. ತಂಗಿ ಎದ್ದು ಹಿತ್ತಲಿಗೆ ಹೋದಳು. ಅಪ್ಪನ ಕಾಲದ ದೋಣಿಯ ಎರಡು ಹುಟ್ಟುಗಳು ಅಲ್ಲಿ ನೆಲದಲ್ಲಿ ಹೂತು ನಿಂತಿದ್ದವು. ಅಪ್ಪ ಹೋದ ಮೇಲೆ ಅವುಗಳ ನಡುವೆ ಹಗ್ಗ ಕಟ್ಟಿ ಅತ್ತಿಗೆ ಬಟ್ಟೆ ಒಣಗಿಸುತ್ತಿದ್ದಳು. ತಂಗಿ ಬಟ್ಟೆಗಳನ್ನು ತೆಗೆದು ಬುಟ್ಟಿಗೆ ಹಾಕಿ, ಹಗ್ಗ ಬಿಚ್ಚಿ, ಹುಟ್ಟುಗಳನ್ನು ಅಲುಗಾಡಿಸಿ ಕಿತ್ತಳು. ಹಿಡಿಯುವ ಜಾಗ ಇನ್ನೂ ಅಪ್ಪನ ಅಂಗೈ ಉಜ್ಜಿದ ಹಾಗೆ ನುಣ್ಣಗಿತ್ತು. ಎರಡನ್ನೂ ತಂದು ಅಣ್ಣನ ಮುಂದೆ ಇಟ್ಟಳು.

“ಅಪ್ಪ ಅಟ್ಟಿಸ್ಕೊಂಡು ಹೋಗ್ತಿರ್ಲಿಲ್ಲ ಅಣ್ಣ” ಎಂದಳು. “ನೀನೂ ಅಲ್ಲೇ ಇದ್ದೆ.”

ದೋಣಿಯಣ್ಣ ಒಂದು ಹುಟ್ಟನ್ನು ಎತ್ತಿಕೊಂಡು ಆ ನುಣ್ಣನೆಯ ಜಾಗದ ಮೇಲೆ ಬೆರಳಾಡಿಸಿದ.

ಹೌದು, ಅವನೂ ಅಲ್ಲೇ ಇದ್ದ. ಇಬ್ಬರೂ ಚಿಕ್ಕವರಿದ್ದಾಗ ಅಪ್ಪ ರಜೆಯ ಬೆಳಿಗ್ಗೆ ಎಲ್ಲರನ್ನೂ ದೋಣಿ ಹತ್ತಿಸುತ್ತಿದ್ದ. ಕೊಲ್ಲಿಯ ಬಾಯಿ ಬರುತ್ತಲೇ ಎಂಜಿನ್ ಆರಿಸಿ ಹುಟ್ಟು ಹಾಕುತ್ತಿದ್ದ. ಸ್ವಲ್ಪ ದೂರ ಹೋಗಿ ಅದನ್ನೂ ಎತ್ತಿಟ್ಟು ತುಟಿಯ ಮೇಲೆ ಬೆರಳಿಡುತ್ತಿದ್ದ. ನಗು ಬಂದರೆ ಅಣ್ಣ ತಂಗಿ ಒಬ್ಬರ ಬಾಯಿ ಒಬ್ಬರು ಮುಚ್ಚುತ್ತಿದ್ದರು. ದೋಣಿಯ ಪಕ್ಕಕ್ಕೆ ನೀರು ಮುಟ್ಟುವ ಸದ್ದು, ಅಮ್ಮನ ಬಳೆಯ ಸದ್ದು. ಆಮೇಲೆ ಎಲ್ಲಿಂದಲೋ ಆ ಉಸಿರು. ದೊಡ್ಡ ಮನೆಯೊಂದು ನಿಟ್ಟುಸಿರು ಬಿಟ್ಟ ಹಾಗೆ. ಆ ದಿನಗಳಲ್ಲಿ ತಿಮಿಂಗಿಲವನ್ನು ಹುಡುಕಿಕೊಂಡು ಹೋದ ನೆನಪೇ ಅವರಿಗಿಲ್ಲ. ಅದೇ ಬರುತ್ತಿತ್ತು.

ಮೂರು ದಿನ ಗಾಳಿ. ನಾಲ್ಕನೆಯ ಬೆಳಿಗ್ಗೆ ಸಮುದ್ರ ತಟ್ಟೆಯಲ್ಲಿಟ್ಟ ನೀರಿನ ಹಾಗಿತ್ತು. ದೋಣಿಯಣ್ಣ ಯಾರಿಗೂ ಹೇಳದೆ ಹುಟ್ಟುಗಳನ್ನು ದೋಣಿಯಲ್ಲಿಟ್ಟಿದ್ದ. ಅಮ್ಮ, ತಂಗಿ, ಅಂಚೆಯಕ್ಕ ಹತ್ತಿದರು. ಈ ಸಲ ಅವನು ನಿಧಾನಕ್ಕೆ ಹೋಗಿ, ತಾಯಿ ಮರಿಗಳ ದಾರಿಗೆ ಅಡ್ಡ ಬರದೆ, ಹಿಂದಿನಿಂದಲೂ ನುಗ್ಗದೆ, ಪಕ್ಕದಲ್ಲಿ ಬಹಳ ದೂರದಲ್ಲೇ ನಿಲ್ಲಿಸಿದ. ಎಂಜಿನ್ ಆರಿಸಿದ.

ಹತ್ತು ನಿಮಿಷ ಏನೂ ಇಲ್ಲ. ಅವನ ಕೈ ಎರಡು ಸಲ ಎಂಜಿನ್ನಿನ ಕಡೆ ಹೋಯಿತು. ಎರಡು ಸಲವೂ ತಂಗಿ ತುಟಿಯ ಮೇಲೆ ಬೆರಳಿಟ್ಟಳು. ಎರಡನೆಯ ಸಲ ಅವನಿಗೆ ನಗು ಬಂತು, ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡ.

ಆಗ ಬಂತು. ದೀರ್ಘವಾದ ಒಂದು ಉಸಿರು. ಅದರ ಹಿಂದೆಯೇ ಇನ್ನೊಂದು, ಚಿಕ್ಕದು, ಅವಸರದ್ದು.

ಅಮ್ಮ ಕಿವಿಯ ಮೇಲಿನ ಶಾಲು ಜಾರಿಸಿದಳು. ಮುಖವನ್ನು ಸರಿಯಾಗಿ ಆ ಸದ್ದಿನ ಕಡೆಗೇ ತಿರುಗಿಸಿದಳು. ಮತ್ತೆ ಕೇಳಿತು, ಮೊದಲಿಗಿಂತ ಹತ್ತಿರದಲ್ಲಿ. ಇವರು ಅಲುಗಾಡಲಿಲ್ಲ. ಅವೇ ಬರುತ್ತಿದ್ದವು.

“ಮರಿ ತನ್ನಮ್ಮನ ಎಡಗಡೆ ಇದೆ” ಎಂದಳು ಅಮ್ಮ ಮೆಲ್ಲಗೆ.

ಅಂಚೆಯಕ್ಕ ದುರ್ಬೀನಿನಿಂದ ನೋಡಿ ಹೌದೆಂದು ತಲೆಯಾಡಿಸಿದಳು. ಅರ್ಧ ಗಂಟೆಯಾದ ಮೇಲೆ ದೋಣಿಯಣ್ಣ ಯಾರೂ ಹೇಳದೆಯೇ ಹುಟ್ಟು ಹಾಕುತ್ತಾ ದೋಣಿಯನ್ನು ದೂರ ತಂದ. ಆಮೇಲಷ್ಟೇ ಎಂಜಿನ್ ಶುರು ಮಾಡಿದ.

ಈಗ ಆ ದೋಣಿ ಹತ್ತುವವರಿಗೆಲ್ಲ ಅವನು ಮೊದಲೇ ಹೇಳುತ್ತಾನೆ, ಕಾಣದಿದ್ದರೂ ಕೇಳಿಸುತ್ತೆ, ಸ್ವಲ್ಪ ಸುಮ್ಮನಿರಿ ಎಂದು. ಅತ್ತಿಗೆ ಮಾತ್ರ ಬಟ್ಟೆ ಒಣಗಿಸಲು ಬೇರೆ ಕಂಬ ಬೇಕೆಂದು ದಿನಾ ಗೊಣಗುತ್ತಾಳೆ.

ನಿಮ್ಮೂರಿನ ನೀರಿಗೂ ಇಂಥ ಅತಿಥಿಗಳು ಬರುತ್ತಿರಬಹುದು. ತಿಮಿಂಗಿಲವಿರಲಿ, ಡಾಲ್ಫಿನ್ ಇರಲಿ, ಆಮೆ ಇರಲಿ, ಬೆನ್ನಟ್ಟಬೇಡಿ. ಸುತ್ತುವರಿಯಬೇಡಿ. ತಾಯಿ ಮರಿಯ ನಡುವೆ ಹೋಗಬೇಡಿ. ತಿನ್ನಲು ಏನನ್ನೂ ಎಸೆಯಬೇಡಿ. ನೋಡಿದ್ದನ್ನು ಬರೆದಿಡಿ, ಅರ್ಧ ಗಂಟೆ ಸಾಕು, ಆಮೇಲೆ ಅವುಗಳ ಪಾಡಿಗೆ ಅವನ್ನು ಬಿಡಿ. ನಿಮ್ಮ ದೋಣಿಯವನು ಅವಸರ ಮಾಡಿದರೆ ನೀವೇ ಹೇಳಿ. ಮಾತು ಬಾರದವರು ತುಟಿಯ ಮೇಲೆ ಬೆರಳಿಟ್ಟರೂ ಸಾಕು.