ಬಟಾಣಿ ಮಡಕೆಯ ಚೂರಿ

ಶಿಷ್ಯ ಎಂಡ್ರೆಸ್ ಓಬೋ ಎಂಬ ಆ ಮರದ ಊದುವಾದ್ಯವನ್ನು ತುಟಿಯಿಂದ ತೆಗೆದು ತಲೆಯಾಡಿಸಿದ. “ಮೂರನೇ ತೂತಿನ ಸ್ವರ ಇನ್ನೂ ಇಳಿದೇ ಇದೆ, ಅಕ್ಕಾ. ಇದನ್ನ ಹಿಡ್ಕೊಂಡು ಗೋರಿ ಮುಂದೆ ನಿಂತ್ರೆ ಯಜಮಾನ್ರ ಮರ್ಯಾದೆನೇ ಹೋಗತ್ತೆ.”

ಕೆಳಗೆ ಜೆಬಾಲ್ಡನ ಶವಪೆಟ್ಟಿಗೆಗೆ ಮುಚ್ಚಳ ಬಿದ್ದಾಗಿತ್ತು. ನ್ಯೂರೆಂಬರ್ಗ್ ಪಟ್ಟಣದ ವಾದ್ಯ ಕಡೆಯುವವರಲ್ಲಿ ಯಜಮಾನ ಸತ್ತರೆ ಅವನ ಕೈಯ ಕೊನೆಯ ವಾದ್ಯವನ್ನೇ ಗೋರಿಯ ಮುಂದೆ ನುಡಿಸಬೇಕು. ಅಪಸ್ವರ ಬಂದರೆ ನಲವತ್ತು ವರ್ಷದ ಹೆಸರು ಒಂದೇ ಗಳಿಗೆಯಲ್ಲಿ ಮಣ್ಣುಪಾಲು.

“ಒಂದು ಗಳಿಗೆ ಕಾಯೋಕೆ ಹೇಳು ಕೆಳಗಿರೋರಿಗೆ,” ಎಂದಳು ಜೆಬಾಲ್ಡನ ಹೆಂಡತಿ ಕುನಿಗುಂಡ. ಅವನು ಓಬೋವನ್ನು ಅವಳ ಕೈಗಿಟ್ಟು ಇಳಿದುಹೋದ. ಅವಳು ಅಡುಗೆಮನೆಗೆ ಹೋಗಿ ಒಣಬಟಾಣಿಯ ಮಡಕೆಗೆ ಕೈ ಹಾಕಿದಳು.

*

ಏಳು ವರ್ಷದ ಹಿಂದೆ ಜೆಬಾಲ್ಡನ ಕಿವಿ ಮಂದವಾಯಿತು. ಪಾಪ, ಅವನು ಒಪ್ಪಲೇ ಇಲ್ಲ. ಎಂದಿನಂತೆ ಕಡೆದ, ತೂತು ಕೊರೆದ, ಸ್ವರ ಸರಿಯಿದೆ ಎಂದು ತಾನೇ ತೀರ್ಮಾನಿಸಿದ. ಸರಿಯಿರಲಿಲ್ಲ. ಅವನು ಮಲಗಿದ ಮೇಲೆ ಕುನಿಗುಂಡ ಸಣ್ಣ ಚೂರಿಯೊಂದರಿಂದ ತೂತುಗಳ ಒಳಅಂಚನ್ನು ಕೆತ್ತಿ ಸ್ವರ ಕೂಡಿಸುತ್ತಿದ್ದಳು, ಆಮೇಲೆ ಚೂರಿಯನ್ನು ಬಟಾಣಿಯಲ್ಲಿ ಹೂತಿಡುತ್ತಿದ್ದಳು. ಹೆಂಗಸಿನ ಕೈ ಬಿತ್ತೆಂದು ತಿಳಿದರೆ ಕಸುಬಿನ ಸಂಘದವರು ಅವನು ವಾದ್ಯಕ್ಕೆ ಒತ್ತುವ ಮುದ್ರೆಯನ್ನೇ ಕಿತ್ತುಕೊಳ್ಳುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಅವನಿಗೇ ತಿಳಿದರೆ ಎದೆಯೊಡೆದು ಸಾಯುತ್ತಾನೆ ಎಂಬ ಭಯ.

ಯಾರಾದರೂ ವಾದ್ಯವನ್ನು ಹೊಗಳಿದರೆ ಅವನು ಅವಳತ್ತ ತಿರುಗುತ್ತಿದ್ದ. “ನೋಡಿದ್ಯೇನೇ? ಈ ಮನೆ ಕಿವಿ ಇನ್ನೂ ಚುರುಕಾಗಿದೆ.”

ಅವಳು ಹೂಂಗುಟ್ಟಿ ಒಳಗೆ ಹೋಗಿ ಅಳುತ್ತಿದ್ದಳು. ಕಟ್ಟಿಕೊಂಡವನಿಗೇ ಮೋಸ ಮಾಡುತ್ತಿದ್ದೇನೆ ಎಂಬ ಸಂಕಟ ಅವಳನ್ನು ಒಂದು ದಿನವೂ ಬಿಡಲಿಲ್ಲ. ಅವನು ಹಾಸಿಗೆ ಹಿಡಿದ ಈ ಮೂರು ವಾರವೂ, ಅವನಿಗೆ ನಿದ್ದೆ ಹತ್ತಿದಾಗ, ಮೂರನೆಯದೊಂದು ಬಿಟ್ಟು ಈ ಓಬೋದ ಉಳಿದ ತೂತುಗಳನ್ನು ಕೆತ್ತಿ ಮುಗಿಸಿದ್ದಳು.

*

ಚೂರಿ ಮರಕ್ಕೆ ಹಿಡಿಯಲಿಲ್ಲ, ಜಾರಿತು. ಮತ್ತೆ ಒತ್ತಿದಳು, ಮತ್ತೆ ಜಾರಿತು. ಬೆರಳಿಂದ ಅಲಗು ಸವರಿದರೆ ಪೂರಾ ಮೊಂಡು.

ಕಲ್ಲಿನಂಥ ಮರ ಅದು. ಒಂದು ವಾದ್ಯ ಕೆತ್ತುವಷ್ಟರಲ್ಲಿ ಎಂಥ ಅಲಗೂ ಸೋಲಬೇಕು. ಈ ಏಳು ವರ್ಷದಲ್ಲಿ ಇದನ್ನು ತಾನು ಯಾವಾಗ ಮಸೆದೆ? ಒಂದು ದಿನವೂ ಇಲ್ಲ. ಬಟಾಣಿಯಿಂದ ತೆಗೆದಾಗಲೆಲ್ಲ ಅದು ಹರಿತವಾಗಿಯೇ ಇತ್ತು. ಅವನು ಮಲಗಿದಲ್ಲೇ ಆದ ಮೇಲೆ ಮಾತ್ರ ಹೀಗೆ.

ಕೆಲಸದ ಮೇಜಿನ ಮೇಲಿದ್ದ ಅವನ ಮಸೆಗಲ್ಲನ್ನು ಎತ್ತಿಕೊಂಡಳು. ಒಂದು ಮಗ್ಗುಲು ಅವನ ಅಗಲ ಉಳಿಗಳಿಗೆ ಸವೆದಿತ್ತು. ತಿರುಗಿಸಿದಳು. ಹಿಂಬದಿಯಲ್ಲಿ ಮಸೆದು ಬಿದ್ದ ಒಂದೇ ಒಂದು ಸಪೂರ ತೋಡು, ಅವಳ ಚೂರಿಯಷ್ಟೇ ಅಗಲ.

“ಅಯ್ಯೋ, ಗೊತ್ತಿದ್ದೂ ಒಂದು ಮಾತು ಹೇಳಬಾರದಿತ್ತಾ,” ಎಂದಳು.

ಕೆಳಗಿನಿಂದ ಎಂಡ್ರೆಸ್ ಎರಡನೇ ಸಲ ಕೂಗಿದ. ಕುನಿಗುಂಡ ಚೂರಿಯನ್ನು ಆ ತೋಡಿನೊಳಗಿಟ್ಟು ಮಸೆಯತೊಡಗಿದಳು. ಆ ಕೆಲಸ ಅವಳ ಕೈಗೆ ಒಗ್ಗಿರಲಿಲ್ಲ.